ಮೇಷ್ಟ್ರ ಮೊಳ

ಹೋದ ತಿಂಗಳು ಪಾವಗಡಕ್ಕೆ ಹೊರಟಿದ್ದ ಬಸ್ಸು ಮಧುಗಿರಿಯಲ್ಲಿ ಕೆಟ್ಟು ನಿಂತಿತು. ಕಂಡಕ್ಟರು ಒಂದು ಗಂಟೆ ಎಂದ. ಕಂಡಕ್ಟರುಗಳ ಒಂದು ಗಂಟೆ ಎಷ್ಟು ಹೊತ್ತಿನದೆಂದು ನನಗೆ ಗೊತ್ತಿರುವುದರಿಂದ ಇಳಿದು ಕಾಲು ಹೋದ ಕಡೆ ನಡೆದೆ. ಕಾಲು ಹೋದದ್ದು ಹೈಸ್ಕೂಲಿನ ಕಡೆಗೆ. ಮೈದಾನದ ಮೂಲೆಯಲ್ಲಿ ಇಬ್ಬರು ಆಳುಗಳು ಯಾವುದೋ ಕಂಬಗಳ ಬುಡಕ್ಕೆ ಡಾಂಬರು ಬಳಿಯುತ್ತಿದ್ದರು. ಬಿಸಿ ಡಾಂಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ತಲೆಯ ಮೇಲಕ್ಕೆ ಹೋಗಿ ಮಣಿಕಟ್ಟು ಮಡಿಸಿತು. ಎಪ್ಪತ್ತು ದಾಟಿದ ಮುದುಕ ಇಲ್ಲದ ಚೆಂಡನ್ನು ಎಸೆಯುವುದನ್ನು ಕಂಡು ಆಳುಗಳಿಬ್ಬರೂ ಮುಖ ಮುಖ ನೋಡಿಕೊಂಡರು. ನನಗೆ ನಗು ಬರಲಿಲ್ಲ. ಆ ವಾಸನೆಯ ಹಿಂದೆ ಒಂದು ವರ್ಷವಿದೆ, ಅದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ.

ಮಹಾರಾಜರ ಕಾಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯ ಹಳ್ಳಿಗಳಲ್ಲಿ ಓದಲೇಬೇಕೆಂದು ಹಟ ಹಿಡಿದ ಹುಡುಗರಲ್ಲಿ ಬಹಳ ಮಂದಿ ಬಂದು ಸೇರುತ್ತಿದ್ದುದು ಈ ಹೈಸ್ಕೂಲಿಗೆ. ಗುರುಶಾಂತಪ್ಪನವರು ನಮ್ಮ ಡ್ರಿಲ್ ಮೇಷ್ಟ್ರು. ಆರಡಿ ಮೀರಿದ ಆಳು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಹಾಕಿದ ಖಾಕಿ ಚಡ್ಡಿ, ಎದೆಯ ಮೇಲೆ ಲಿಂಗದ ಕರಡಿಗೆಯ ಪಕ್ಕದಲ್ಲೇ ನೇತಾಡುವ ಸೀಟಿ. ವಯಸ್ಸಿನಲ್ಲಿ ಮದರಾಸಿಗೆ ಹೋಗಿ ಆರು ತಿಂಗಳು ವ್ಯಾಯಾಮದ ತರಬೇತಿ ಪಡೆದು, ಬರುವಾಗ ಎರಡು ಕಬ್ಬಿಣದ ಬಳೆ, ಒಂದು ಚರ್ಮದ ಚೆಂಡು, ಒಂದು ರೂಲು ಪುಸ್ತಕ ತಂದಿದ್ದರಂತೆ. ಬಾಸ್ಕೆಟ್ ಬಾಲ್ ಎಂಬ ಆಟವನ್ನು ನಮ್ಮ ಸೀಮೆಗೆ ತಂದವರು ಅವರೇ. ಪೇಟೆಯವರು ಅದಕ್ಕೆ ತಳವಿಲ್ಲದ ಬುಟ್ಟಿಯಾಟ ಎಂದು ಹೆಸರಿಟ್ಟು ನಗುತ್ತಿದ್ದರು. ಮೇಷ್ಟ್ರು ತಲೆಕೆಡಿಸಿಕೊಳ್ಳಲಿಲ್ಲ.

ಪ್ರತಿ ವರ್ಷ ದಸರೆಯ ರಜ ಮುಗಿಯುತ್ತಿದ್ದಂತೆ ಅವರು ಗೆದ್ದಲು ಹಿಡಿಯದಂತೆ ಕಂಬಗಳಿಗೆ ಡಾಂಬರು ಬಳಿಸಿ, ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಒಂದೇ ಕಥೆ ಹೇಳುತ್ತಿದ್ದರು. "ನಾನು ಈ ಊರಿಗೆ ಬಂದಾಗ ಬೇಸಿಗೆ ರಜ ಕಣ್ರೋ. ಬೀರುಗಳಿಗೆಲ್ಲ ಬೀಗ. ಅಳೆಯೋಕೆ ಒಂದು ಅಡಿಪಟ್ಟಿ ಇಲ್ಲ. ಸುಮ್ಮನೆ ಕೂತ್ನಾ? ಮೊಳ ಅಂದ್ರೆ ಒಂದೂವರೆ ಅಡಿ, ಮೂರನೇ ಕ್ಲಾಸಿನವನಿಗೂ ಗೊತ್ತು. ಹಗ್ಗ ತಗೊಂಡೆ, ಈ ಕೈಯಲ್ಲೇ ಅಳೆದೆ, ಗಂಟು ಹಾಕಿದೆ. ಶಾಲೆ ಬಾಗಿಲು ತೆಗೆಯೋ ಹೊತ್ತಿಗೆ ಅಂಗಳ ರೆಡಿ!" ಆ ಗಂಟಿನ ಹಗ್ಗ ಅವರ ತಗಡಿನ ಡಬ್ಬಿಯಲ್ಲಿ ಇರುತ್ತಿತ್ತು. ಮಳೆಗೆ ಅಳಿಸಿದ ಗೆರೆಗಳನ್ನು ಪ್ರತಿ ಸಲವೂ ಅದರಿಂದಲೇ ಅಳೆದು ಸುಣ್ಣ ಸುರಿಯುವುದು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ತುಮಕೂರಿನಲ್ಲಿ ಜಿಲ್ಲೆಯ ಪಂದ್ಯ. ರೈಲು ಕಾಣದ ಮಧುಗಿರಿಗೆ ಯಾವ ತಂಡವೂ ಆಡಲು ಬಂದದ್ದಿಲ್ಲ. ಹೋಗುತ್ತಿದ್ದವರು ನಾವೇ, ಸೋಲುತ್ತಿದ್ದವರೂ ನಾವೇ. ನನ್ನ ಕೊನೆಯ ವರ್ಷದ ಹೊತ್ತಿಗೆ ನಮ್ಮ ಶಾಲೆಯವರು ಇಪ್ಪತ್ತೊಂದು ವರ್ಷ ಹೋಗಿ ಇಪ್ಪತ್ತೊಂದು ವರ್ಷ ಸೋತು ಬಂದಿದ್ದರು. ಮಧುಗಿರಿಯಲ್ಲಿ ಕಣ್ಣು ಮುಚ್ಚಿ ಎಸೆದರೂ ಬಳೆಯೊಳಗೆ ಬೀಳುತ್ತಿದ್ದ ಚೆಂಡು ತುಮಕೂರಿಗೆ ಹೋದ ಕೂಡಲೇ ಬಳೆಯ ಹಿಂದಿನ ಹಲಗೆಗೆ ದಢಾರನೆ ಬಡಿದು ವಾಪಸು ಬರುತ್ತಿತ್ತು. ಯಾಕೆಂದು ಮೇಷ್ಟ್ರನ್ನು ಕೇಳಿದರೆ ಅವರ ಹತ್ತಿರ ಉತ್ತರ ಸಿದ್ಧವಾಗಿತ್ತು. "ಗಾಬರಿ. ಗಾಬರಿಯಾದವನ ಕೈ ಬಿಗಿಯುತ್ತೆ, ಬಿಗಿದ ಕೈ ಜೋರಾಗಿ ಎಸೆಯುತ್ತೆ. ಪಟ್ಟಣ ನೋಡಿದ್ರೆ ನಿಮ್ಮ ಎದೆ ಒಡೆಯುತ್ತೆ. ಹೇಡಿತನ ಕಣ್ರೋ."

ಮಾತಿಗೆ ಬಿಟ್ಟಿದ್ದರೆ ಒಂದು ಹಾಗೆ. ಅವರು ಅದನ್ನೊಂದು ಪದ್ಧತಿಯನ್ನೇ ಮಾಡಿಕೊಂಡಿದ್ದರು. ತುಮಕೂರಿನಿಂದ ಬಂದ ಮಾರನೆಯ ಬೆಳಿಗ್ಗೆ, ಪ್ರಾರ್ಥನೆ ಮುಗಿದ ಮೇಲೆ, ಹೆಚ್ಚು ಚೆಂಡು ತಪ್ಪಿಸಿದ ಹುಡುಗನನ್ನು ಹೆಸರು ಹಿಡಿದು ಕರೆದು ಇಡೀ ಶಾಲೆಯ ಮುಂದೆ ನಿಲ್ಲಿಸುವರು. "ಈ ವರ್ಷದ ಹೇಡಿ" ಎಂದು ಹೇಳಿ, ಸೀಟಿ ಊದಿ ಎಲ್ಲರನ್ನೂ ಕ್ಲಾಸಿಗೆ ಕಳಿಸುವರು. ಅಷ್ಟೇ. ಹೊಡೆತವಿಲ್ಲ, ಬೈಗುಳವಿಲ್ಲ. ಹೊಡೆದಿದ್ದರೆ ವಾಸಿಯಾಗುತ್ತಿತ್ತು.

ನನ್ನ ಕೊನೆಯ ವರ್ಷಕ್ಕೆ ಆರು ವರ್ಷ ಮೊದಲು ಹಾಗೆ ನಿಂತವನು ನನ್ನ ಅಣ್ಣ ಕೆಂಚಣ್ಣ.

ನಾವು ಕುರುಬರು. ನಮ್ಮೂರು ಮಧುಗಿರಿಯಿಂದ ಸಿರಾ ಕಡೆಗೆ ಎರಡು ಹರಿದಾರಿ. ಅಪ್ಪನದು ಕುರಿ, ತಾತನದು ಕಂಬಳಿ ಮಗ್ಗ. ನಮ್ಮ ಕೇರಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲನೆಯವನು ಅಣ್ಣ. ಆ ವರ್ಷ ತುಮಕೂರಿನಲ್ಲಿ ಒಂದೇ ಪಾಯಿಂಟು ಹಿಂದಿದ್ದಾಗ, ಕೊನೆಯ ಗಳಿಗೆಯಲ್ಲಿ ಅವನಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದಂತೆ ಗೆರೆಯ ಹಿಂದೆ ನಿಂತು ಎಸೆಯುವ ಅವಕಾಶ, ಸಿಕ್ಕವಂತೆ. ಎರಡೂ ಹಲಗೆಗೆ ಬಡಿದು ಈಚೆಗೆ ಬಂದವು. ಮಾರನೆಯ ದಿನ ಪ್ರಾರ್ಥನೆಯಲ್ಲಿ ನಿಂತ. ಮೂರನೆಯ ದಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತುಕೊಂಡು ಊರಿಗೆ ಬಂದುಬಿಟ್ಟ. ಪರೀಕ್ಷೆಗೆ ಎರಡು ತಿಂಗಳಿತ್ತು. ಅಪ್ಪ ಬೈದ, ಅವ್ವ ಅತ್ತಳು, ಅವನು ಕೋಲು ಹಿಡಿದು ಕುರಿಯ ಹಿಂದೆ ಹೋದ. ಹೆಸರು ಅವನಿಗಿಂತ ಮೊದಲೇ ಊರು ತಲುಪಿತ್ತು. ಹೇಡಿ ಕೆಂಚ. ಹೆಣ್ಣು ಕೊಡಲು ಬಂದವರೂ ಅದನ್ನು ಕೇಳಿ ತಿಳಿದುಕೊಂಡೇ ಬರುತ್ತಿದ್ದರು, ಕೇಳಿ ತಿಳಿದುಕೊಂಡೇ ಹೋಗುತ್ತಿದ್ದರು.

ನಾನು ಹೈಸ್ಕೂಲಿಗೆ ಸೇರಿದಾಗ ನನಗೂ ಒಂದು ಹೆಸರು ತಯಾರಾಗಿತ್ತು: ಹೇಡಿ ತಮ್ಮ. ಚೆಂಡು ಕೈಗೆ ಸಿಕ್ಕ ಮೊದಲ ದಿನವೇ ನಿಶ್ಚಯ ಮಾಡಿಕೊಂಡೆ, ತುಮಕೂರಿನಲ್ಲಿ ಗೆದ್ದು ಈ ಹೆಸರನ್ನು ಮನೆಯಿಂದ ಆಚೆ ಹಾಕಬೇಕು ಎಂದು. ಮೇಷ್ಟ್ರು ನನ್ನನ್ನು ತಂಡಕ್ಕೆ ತೆಗೆದುಕೊಂಡರು. ಕೈ ನೇರವಾಗಿತ್ತು, ಬಿಡುವ ಹಾಗಿರಲಿಲ್ಲ. ಆದರೆ ಹೆಸರು ಹಿಡಿದು ಕರೆಯಲಿಲ್ಲ. ಕರೆದರೆ "ಕೆಂಚನ ತಮ್ಮ" ಎನ್ನುವರು.

ನಾನು ಹೇಳಬೇಕೆಂದಿರುವುದು ನನ್ನ ಕೊನೆಯ ವರ್ಷದ್ದು. ಮೇಷ್ಟ್ರಿಗೂ ಅದು ಕೊನೆಯ ವರ್ಷ, ಬೇಸಿಗೆಗೆ ಐವತ್ತೈದು ತುಂಬುತ್ತಿತ್ತು. ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಇಲ್ಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದವು, ಚೆಂಡಿನ ಬ್ಲಾಡರು ಹರಿದರೆ ಸೈಕಲ್ಲು ಅಂಗಡಿಯ ತೇಪೆಯೇ ಗತಿ. ಮಳೆ ತಡವಾಗಿ ಬಂದು ಕಾರ್ತಿಕದ ತನಕ ಜಿನುಗಿತು. ಬೆಟ್ಟದ ನೆರಳು ನಾಲ್ಕು ಗಂಟೆಗೇ ಮೈದಾನದ ಮೇಲೆ ಬಿದ್ದು, ಒದ್ದೆ ಮಣ್ಣಿನ ಮೇಲೆ ಚೆಂಡು ಏಳದೆ ಸತ್ತು ಬೀಳುತ್ತಿತ್ತು. ಮೇಷ್ಟ್ರು ಮೊದಲಿನಂತೆ ಕೂಗುತ್ತಿರಲಿಲ್ಲ. ಒಂದೊಂದು ಸಾಯಂಕಾಲ ಆಟ ಮುಗಿದರೂ ಸೀಟಿ ಊದುವುದನ್ನು ಮರೆತು ನಿಂತಿರುತ್ತಿದ್ದರು. ಒಮ್ಮೆ ನನ್ನನ್ನೇ ನೋಡಿಕೊಂಡು, "ಒಂದೇ ಒಂದು ಸಲ ಕಣೋ. ಒಂದು ಸಲ ಗೆದ್ದು ಮನೆಗೆ ಹೋಗಬೇಕು ಅಂತ" ಎಂದರು. ನನಗೆ ಅವರ ಮೇಲೆ ಸಿಟ್ಟಿತ್ತು. ಆದರೂ ಆ ದಿನ ಅಯ್ಯೋ ಅನ್ನಿಸಿತು.

ತಾತನಿಗೆ ಮಾತ್ರ ಯುದ್ಧದಿಂದ ಕೈತುಂಬ ಕೆಲಸ. ಮಿಲಿಟರಿಗೆಂದು ಸಿರಾದ ಕಂಟ್ರಾಕ್ಟರ್ ಸಾಹೇಬರು ಕಂಬಳಿ ಕೊಳ್ಳುತ್ತಿದ್ದರು. ಮೊಳದ ಲೆಕ್ಕ ಅವರಿಗೆ ಆಗದು, ಸರ್ಕಾರದ ಮುದ್ರೆ ಒತ್ತಿದ ಒಂದು ಕಬ್ಬಿಣದ ಗಜವನ್ನೇ ತಂದು ಮಗ್ಗದ ಹತ್ತಿರ ಇಟ್ಟು ಹೋಗಿದ್ದರು. ಮೂರು ಅಡಿ ಉದ್ದ, ಅಡಿ ಇಂಚುಗಳ ಗೀಟು. ನಮ್ಮ ಜನಕ್ಕೆ ಅದು ಹೊಸದು. ಕಂಬಳಿ ವ್ಯಾಪಾರದಲ್ಲಿ ಮೊದಲು ಎಷ್ಟು ಎಂದು ಯಾರೂ ಕೇಳುವುದಿಲ್ಲ, ಯಾರ ಮೊಳ ಎಂದು ಕೇಳುತ್ತಾರೆ. ಮಾರುವವನು ಗಿಡ್ಡ, ಕೊಳ್ಳುವವನು ಉದ್ದ ಆದರೆ ಜಗಳ ತಪ್ಪಿದ್ದಲ್ಲ. ಅದಕ್ಕೇ ಇಬ್ಬರೂ ಸೇರಿ ಪಕ್ಕದಲ್ಲಿರುವ ಮೂರನೆಯವನ ಕೈ ಹಿಡಿದು ಅಳೆಸುವುದು ವಾಡಿಕೆ.

ಮೇಷ್ಟ್ರು ಚಳಿಗಾಲಕ್ಕೆಂದು ತಾತನಿಗೆ ಆರು ಮೊಳದ ಒಂದು ಕಂಬಳಿ ಹೇಳಿದ್ದರು. ಒಂದು ಶನಿವಾರ ತಾತ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮೈದಾನಕ್ಕೇ ಬಂದ. ಮೇಷ್ಟ್ರು ಕಂಬಳಿಯ ಅಂಚನ್ನು ಮೊಳಕೈಯಿಂದ ಬೆರಳ ತುದಿಯ ತನಕ ಹಾಕಿ ಹಾಕಿ ಅಳೆದರು.

"ಏನಜ್ಜ, ಅರ್ಧ ಮೊಳ ನುಂಗಿಬಿಟ್ಟಿದ್ದೀಯಲ್ಲ!"

ತಾತ ಬೊಚ್ಚು ಬಾಯಿ ಬಿಟ್ಟು ನಕ್ಕ. "ಯಾರ ಮೊಳ ಸ್ವಾಮಿ? ನಾನು ನೇದಿರೋದು ಊರ ಮೊಳ. ನಿಮ್ಮ ಕೈ ನೋಡಿ ಹೆಂಗೈತೆ, ಮೊಳಕ್ಕೆ ಎರಡು ಬೆಳ್ಳು ಜಾಸ್ತಿ ತಿಂತದೆ. ಸಾಹೇಬ್ರ ಗಜಕ್ಕೆ ಇಕ್ಕಿ ನೋಡಿವ್ನಿ, ಇದು ಸರಿಯಾಗಿ ಆರು. ನಿಮ್ಮ ಮೊಳದಾಗೆ ಬೇಕು ಅಂದಿದ್ರೆ ಅಂಗೇ ನೇಯ್ತಿದ್ದೆ, ಕುರಿ ಮೈಯಾಗೆ ಉಣ್ಣೆಗೇನು ಬರ ಬಂದೈತಾ?"

ಮೇಷ್ಟ್ರೂ ನಕ್ಕರು. ಕಂಬಳಿ ತೆಗೆದುಕೊಂಡರು. ತಾತ ಎಲೆಯಡಿಕೆ ಜಗಿಯುತ್ತ ಹೊರಟುಹೋದ. ನಾನು ಮಾತ್ರ ಚೆಂಡು ಹಿಡಿದು ಅಲ್ಲೇ ನಿಂತಿದ್ದೆ. ಮೇಷ್ಟ್ರ ಕಿವಿಗೆ ಬೀಳದ್ದು ನನ್ನ ಕಿವಿಗೆ ಬಿದ್ದಿತ್ತು. ಕಂಬಳಿ ಮನೆಯ ಹುಡುಗ ನಾನು, ಬೆರಳು ಗೇಣಿನ ಲೆಕ್ಕ ನನಗೆ ಮಗ್ಗಿಗಿಂತ ಮೊದಲು ಬಂದದ್ದು: ಹನ್ನೆರಡು ಬೆರಳು ಒಂದು ಗೇಣು, ಎರಡು ಗೇಣು ಒಂದು ಮೊಳ. ಬಳೆಯ ಎತ್ತರ ಹತ್ತಡಿ, ಅಂದರೆ ಆರು ಮೊಳ ಒಂದು ಗೇಣು ನಾಲ್ಕು ಬೆರಳು. ಮೇಷ್ಟ್ರ ಹಗ್ಗದಲ್ಲಿ ಮೊಳಕ್ಕೆ ಎರಡು ಬೆರಳು ಹೆಚ್ಚಾದರೆ ಬಳೆ ಹದಿಮೂರು ಬೆರಳು ಎತ್ತರ. ಒಂದು ಗೇಣಿಗೂ ಮೇಲೆ. ಫ್ರೀ ಥ್ರೋ ಗೆರೆ ಹತ್ತು ಮೊಳ. ಅಲ್ಲಿ ಇಪ್ಪತ್ತು ಬೆರಳು ದೂರ. ಎತ್ತರದ ಬಳೆಗೆ ದೂರದಿಂದ ಎಸೆದು ಪಳಗಿದ ಕೈ ಸರಿಯಾದ ಬಳೆಯ ಮುಂದೆ ನಿಂತರೆ ಏನಾಗುತ್ತದೆ? ಚೆಂಡು ಹಲಗೆಗೆ ಬಡಿಯುತ್ತದೆ.

ಭಾನುವಾರ ಊರಿಗೆ ಹೋಗಿ ತಾತನ ಗಜವನ್ನು ಕೇಳದೆ ಎತ್ತಿಕೊಂಡು ಬಂದೆ. ಮೈದಾನದಲ್ಲಿ ಯಾರೂ ಇರಲಿಲ್ಲ. ಡಾಂಬರು ಮೈಗೆಲ್ಲ ಮೆತ್ತಿಕೊಂಡು ಕಂಬ ಹತ್ತಿ ಅಳೆದೆ. ಹತ್ತು ಅಡಿ ಹತ್ತು ಇಂಚು. ಇಳಿದು ಕೈ ಒರೆಸಿಕೊಂಡು ಇನ್ನೊಂದು ಕಂಬ ಹತ್ತಿದೆ. ಅದೂ ಅಷ್ಟೇ. ಸಂತೋಷವಾಗಬೇಕಿತ್ತು. ಕೆಳಗಿಳಿದವನು ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಅಣ್ಣ ತಪ್ಪು ಎಸೆದಿರಲಿಲ್ಲ. ಅವನಿಗೆ ಕಲಿಸಿದ ಹಾಗೆಯೇ, ಒಂದು ಬೆರಳೂ ಆಚೀಚೆ ಆಗದ ಹಾಗೆ ಎಸೆದಿದ್ದ.

ಆ ಸಾಯಂಕಾಲವೇ ಗಜವನ್ನು ಟವೆಲಿನಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಬ್ಲಾಡರಿಗೆ ತೇಪೆ ಅಂಟಿಸುತ್ತಿದ್ದರು. ನಾನು ತಡವರಿಸುತ್ತ ಹೇಳಿದ್ದನ್ನು ಅರ್ಧ ಕೇಳುವಷ್ಟರಲ್ಲಿ ಮುಖ ಕೆಂಪಾಯಿತು.

"ಎಲ್ಲರೂ ಸೋತ ಮೇಲೆ ನೆಪ ಹೇಳ್ತಾರೆ. ನೀನು ಸೋಲೋಕೆ ಮುಂಚೇನೇ ತಂದಿದ್ದೀಯಾ? ಕೆಂಚನ ತಮ್ಮ ಅನ್ನೋದು ಸರಿಯಾಗೇ ಇದೆ."

"ಕೈ ಇಡಿ ಸಾರ್" ಎಂದೆ. ಎಲ್ಲಿಂದ ಬಂತೋ ಅಷ್ಟು ಧೈರ್ಯ. ಗಜವನ್ನು ಜಗಲಿಯ ಮೇಲೆ ಬಿಡಿಸಿಟ್ಟೆ. "ಮೊಳಕೈ ಇಲ್ಲಿ. ಅರ್ಧಕ್ಕೆ ಈ ಗೀಟು ಐತಲ್ಲ, ಅದೇ ಒಂದೂವರೆ ಅಡಿ. ನಿಮ್ಮ ಬೆರಳು ಎಲ್ಲಿಗೆ ಬರ್ತದೆ ನೋಡಿ ಸಾರ್. ಅಷ್ಟೇ."

ಏಟು ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಮೇಷ್ಟ್ರು ಅಂಟು ಮೆತ್ತಿದ್ದ ಬಲಗೈಯನ್ನು ನಿಧಾನವಾಗಿ ಗಜದ ಪಕ್ಕಕ್ಕೆ ಚಾಚಿದರು. ಗೀಟು ನಡುಬೆರಳಿನ ತುದಿಯ ಗೆಣ್ಣಿಗೂ ಹಿಂದೆಯೇ ಉಳಿಯಿತು. ಕೈ ತೆಗೆದರು, ಮತ್ತೆ ಇಟ್ಟರು. ಎಡಗೈ ಇಟ್ಟು ನೋಡಿದರು. "ಇಪ್ಪತ್ತೊಂದು ಹುಡುಗರು ಕಣೋ" ಎಂದರು. ಅವರ ಲೆಕ್ಕ ಮೊದಲು ಹೋದದ್ದು ಕೈತಪ್ಪಿದ ಪಂದ್ಯಗಳಿಗಲ್ಲ, ಹುಡುಗರ ಕಡೆಗೆ ಎಂಬುದನ್ನು ನಾನು ಈಗಲೂ ಅವರ ಪರವಾಗಿ ಹೇಳುತ್ತೇನೆ.

ಹೊರಡುವಾಗ ನನ್ನ ಭುಜ ಹಿಡಿದುಕೊಂಡರು. "ಯಾರಿಗೂ ಹೇಳಬೇಡ. ಪಂದ್ಯ ಒಂದು ಆಗಲಿ, ನಾನೇ ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ನಿಮ್ಮಣ್ಣನ ಹೆಸರು ಹಿಡಿದು ಹೇಳ್ತೀನಿ." ನಾನು ಆಗಲಿ ಎಂದೆ.

ಮಾರನೆಯ ವಾರ ಗೆದ್ದಲಿನ ನೆಪದಲ್ಲಿ ಎರಡೂ ಬಳೆಗಳು ಕೆಳಗಿಳಿದವು. ಬಡಗಿಗೆ ಅಳತೆ ಹೇಳಿದ್ದು ಮೇಷ್ಟ್ರಲ್ಲ, ಗಜ. ಸುಣ್ಣದ ಗೆರೆಗಳೂ ಹೊಸದಾಗಿ ಬಿದ್ದವು. ಹಗ್ಗದ ಡಬ್ಬಿಯನ್ನು ಆ ವರ್ಷ ಯಾರೂ ಕಾಣಲಿಲ್ಲ. ಮೊದಲ ಹತ್ತು ದಿನ ನಮ್ಮ ಚೆಂಡುಗಳು ಸಾಲಾಗಿ ಹಲಗೆಗೆ ಬಡಿದವು. ಉಳಿದ ಹುಡುಗರು ಕಂಗಾಲಾಗಿ, ಏನೋ ಮಾಟ ಆಗಿದೆ ಎಂದು ಪಿಸುಗುಟ್ಟಿದರು. ಮೇಷ್ಟ್ರು ಒಬ್ಬರ ಮೇಲೂ ದನಿ ಎತ್ತಲಿಲ್ಲ. "ಮೆತ್ತಗೆ, ಮೆತ್ತಗೆ" ಎನ್ನುತ್ತ ಪ್ರತಿ ಹುಡುಗನ ಮಣಿಕಟ್ಟು ಹಿಡಿದು ತಿದ್ದಿದರು. ಹೊಲಗಳಲ್ಲಿ ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ಕೈಗಳು ಪಳಗಿದವು.

ಇದ್ದಿಲ ಬಸ್ಸಿನಲ್ಲಿ, ಏರು ಬಂದಲ್ಲೆಲ್ಲ ಇಳಿದು ತಳ್ಳುತ್ತ ತುಮಕೂರಿಗೆ ಹೋದೆವು. ಪಂದ್ಯದ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ಎಸೆದದ್ದೆಲ್ಲ ಬಿತ್ತು. ಅಷ್ಟು ಸುಲಭವಾಗಿ ಬೀಳುವುದನ್ನು ಕಂಡು ನಮಗೇ ಭಯವಾಯಿತು. ಹತ್ತೊಂಬತ್ತು ಪಾಯಿಂಟಿನಿಂದ ಗೆದ್ದೆವು. ಹುಡುಗರು ಮೇಷ್ಟ್ರನ್ನು ಎತ್ತಿಕೊಂಡು ಕುಣಿಯಲು ಓಡಿ ಹೋದರೆ ಅವರು ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕೂತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಲ್ಲರೂ ಆನಂದಬಾಷ್ಪ ಎಂದುಕೊಂಡರು. ಪ್ರತಿ ಚೆಂಡು ಬಿದ್ದಾಗಲೂ ಅವರಿಗೆ ಯಾವ ಹುಡುಗನ ಮುಖ ಕಂಡಿತ್ತೋ, ನನಗೊಬ್ಬನಿಗೆ ಅಂದಾಜಿತ್ತು.

ಆ ವಾರವೇ ಶಾಲೆಯಲ್ಲಿ ಸನ್ಮಾನ. ಬಾಗಿಲಿಗೆ ಮಾವಿನ ತೋರಣ, ಅಮಲ್ದಾರರು ಅಧ್ಯಕ್ಷರು, ಮೇಷ್ಟ್ರ ಕೊರಳಿಗೆ ಸೀಟಿ ಮುಚ್ಚಿಹೋಗುವಷ್ಟು ಹಾರ. ಹೆಡ್ಮಾಸ್ತರರು ಎದ್ದು ನಿಂತು ಭಾಷಣ ಮಾಡಿದರು. ಇಷ್ಟು ವರ್ಷ ನಮ್ಮ ಹುಡುಗರಲ್ಲಿ ಇಲ್ಲದ್ದು ಧೈರ್ಯ ಒಂದೇ, ಈ ವರ್ಷ ಕಡೆಗೂ ಗಂಡುಹುಡುಗರ ತಂಡವೊಂದು ಹುಟ್ಟಿತು ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಮೇಷ್ಟ್ರ ಮುಖವನ್ನೇ ನೋಡುತ್ತ ಕೂತೆ. ಈಗ ಹೇಳುತ್ತಾರೆ. ಅವರು ಎದ್ದರು. ಹಾರ ಸರಿಪಡಿಸಿಕೊಂಡರು. ಬಾಯಿ ತೆರೆದರು. ಮೊದಲ ಸಾಲಿನಲ್ಲಿ ಅಮಲ್ದಾರರು ತಲೆದೂಗುತ್ತ ಕಾಯುತ್ತಿದ್ದರು. "ಎಲ್ಲ ಹುಡುಗರ ಶ್ರಮ" ಎಂದಷ್ಟೇ ಹೇಳಿ ಮೇಷ್ಟ್ರು ಕೂತುಬಿಟ್ಟರು.

ನನ್ನ ಮೈಯೆಲ್ಲ ಉರಿಯಿತು. ಗೆದ್ದು ನಾವು ಮಾಡಿದ್ದೇನು? ಹಿಂದಿನ ಇಪ್ಪತ್ತೊಂದು ಜನರ ಹೇಡಿತನಕ್ಕೆ ಮೊಹರು ಒತ್ತಿದ್ದೆವು. ಸಭೆ ಮುಗಿದ ಮೇಲೆ ಅವರು ನನ್ನ ಕಡೆ ಬಂದರು, ನಾನು ಮುಖ ತಿರುಗಿಸಿಕೊಂಡು ಹೋದೆ. ಆಮೇಲೆ ಪರೀಕ್ಷೆ ಮುಗಿಯುವ ತನಕ ಅವರು ಎದುರಾದರೆ ರಸ್ತೆ ದಾಟಿ ಹೋಗುತ್ತಿದ್ದೆ. ಊರಿಗೆ ಬಂದರೆ ಅಲ್ಲಿಯೂ ನೆಮ್ಮದಿ ಇಲ್ಲ. "ತಮ್ಮ ಗೆದ್ದ, ಅಣ್ಣ ಸೋತ" ಎಂದು ಜನ ಕೆಂಚಣ್ಣನ ಮುಂದೆಯೇ ಆಡುತ್ತಿದ್ದರು. ಅವನು ಕೇಳಿಸಿಕೊಂಡು ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ. ನಾನು ಕೊಟ್ಟ ಮಾತಿಗೆ ಕಟ್ಟುಬಿದ್ದು ಅವನಿಗೆ ಏನೂ ಹೇಳಿರಲಿಲ್ಲ. ಮಾತು ಮುರಿದದ್ದು ಮೇಷ್ಟ್ರು. ಆದರೂ ನಾನು ಅದನ್ನು ಹಿಡಿದುಕೊಂಡೇ ಇದ್ದೆ. ಮೊಳ ತಪ್ಪಿತ್ತು ಎಂದು ತಿಳಿದರೆ ನನ್ನ ಗೆಲುವೂ ಅರ್ಧವಾಗುತ್ತದೆ ಎಂಬ ಆಸೆಬುರುಕತನವೂ ಒಳಗೆ ಇತ್ತು, ಇಲ್ಲವೆಂದರೆ ಸುಳ್ಳಾದೀತು.

ಬೇಸಿಗೆ ನೆತ್ತಿ ಸುಡುತ್ತಿದ್ದ ಒಂದು ಬೆಳಿಗ್ಗೆ, ನಮ್ಮೂರ ದಾರಿಯಲ್ಲಿ ಕೊಡೆ ಹಿಡಿದು ನಡೆದು ಬರುವ ಎತ್ತರದ ಆಕೃತಿ ಕಾಣಿಸಿತು. ಪಂಚೆ ಉಟ್ಟ ಮೇಷ್ಟ್ರನ್ನು ನಾನು ನೋಡಿದ್ದು ಅದೇ ಮೊದಲು. ನಿವೃತ್ತಿಯಾಗಿ ತಿಂಗಳಾಗಿತ್ತಂತೆ. ಮುಖ ಕಪ್ಪಿಟ್ಟು, ಮೆಟ್ಟು ಸವೆದಿತ್ತು. ಜಗಲಿಯ ಮೇಲೆ ಕೂತು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಇಪ್ಪತ್ತೊಂದು ಹೆಸರುಗಳು. ಇಪ್ಪತ್ತಕ್ಕೆ ಗೀಟು ಬಿದ್ದಿತ್ತು.

"ಸಭೇಲಿ ಬಾಯಿ ಬರಲಿಲ್ಲ ಕಣೋ. ನನಗಿಂತ ಹೇಡಿ ಇನ್ನೊಬ್ಬನಿಲ್ಲ. ಅದಕ್ಕೆ ಒಬ್ಬೊಬ್ಬನ ಮನೆಗೂ ಹೋಗಿ ಹೇಳಿಬಂದೆ."

ತಿಂಗಳಿಡೀ ನಾಲ್ಕು ತಾಲ್ಲೂಕು ಅಲೆದಿದ್ದರು. ಕೊಳಾಲದಲ್ಲಿ ಶಾನುಭೋಗನಾಗಿದ್ದವನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕು ಊಟ ಹಾಕಿಸಿದನಂತೆ. ಪಾವಗಡದವನು "ಪೋನೀಲೆಂಡಿ ಸಾರ್, ಹೋಗಲಿ ಬಿಡಿ, ಅದೆಲ್ಲ ಈಗ್ಯಾಕೆ" ಎಂದು ಅಂಗಡಿಯ ತಕ್ಕಡಿ ಬಿಡದೆ ಮಾತಾಡಿದನಂತೆ. ಗೊರವನಹಳ್ಳಿಯವನು ಜಗಲಿ ಹತ್ತಿ ಎನ್ನಲಿಲ್ಲ. ಇಬ್ಬರು ತೀರಿಹೋಗಿದ್ದರು. ಅದರಲ್ಲಿ ಕಳ್ಳಂಬೆಳ್ಳದವನ ತಾಯಿ ಎಲ್ಲ ಕೇಳಿ, ನನ್ನ ಮಗ ಆಡುತ್ತಿದ್ದನಾ ಎಂದು ಅಷ್ಟನ್ನೇ ಮತ್ತೆ ಮತ್ತೆ ಕೇಳಿದಳಂತೆ. ಇದನ್ನು ಹೇಳುವಾಗ ಮೇಷ್ಟ್ರು ಕಾಗದವನ್ನು ಮಡಿಸುತ್ತ ಬಿಡಿಸುತ್ತ ಇದ್ದರು.

"ನಮ್ಮೂರು ಎಲ್ಲಕ್ಕಿಂತ ಹತ್ತಿರ ಸಾರ್. ಕೊನೆಗೆ ಯಾಕೆ ಬಂದ್ರಿ?"

"ಕಾಲು ಬರಲಿಲ್ಲ" ಎಂದರು.

ಅಣ್ಣ ಕೆರೆಯಂಗಳದಲ್ಲಿ ಕುರಿ ಬಿಟ್ಟಿದ್ದ. ಇಬ್ಬರೂ ಬಿಸಿಲಲ್ಲಿ ನಡೆದು ಹೋದೆವು. ಕೆಂಚಣ್ಣ ನಮ್ಮನ್ನು ದೂರದಿಂದಲೇ ನೋಡಿದ. ಹೆಗಲ ಕಂಬಳಿ ಸರಿಮಾಡಿಕೊಂಡು, ಕೋಲಿಗೆ ಗದ್ದ ಊರಿ ನಿಂತ. ಮೇಷ್ಟ್ರು ಕೊಡೆ ಮಡಿಸಿದರು. ಮೊಳದ ವಿಷಯ, ಹಗ್ಗದ ವಿಷಯ, ಗಜ, ಬಳೆ, ಗೆರೆ, ಎಲ್ಲವನ್ನೂ ಪಾಠ ಒಪ್ಪಿಸುವ ಹುಡುಗನ ಹಾಗೆ ಒಂದೂ ಬಿಡದೆ ಹೇಳಿದರು. ಕೊನೆಗೆ, "ನೀನು ಎಸೆದದ್ದು ಸರಿಯಾಗೇ ಇತ್ತು ಕೆಂಚ. ತಪ್ಪಿದ್ದು ನಾನು. ಕ್ಷಮಿಸಿಬಿಡು" ಎಂದು ಕೈ ಮುಗಿದರು.

ನಾನು ಅಣ್ಣನ ಮುಖ ನೋಡಿದೆ. ಹೈಸ್ಕೂಲಿಗೆ ಸೇರಿದಾಗಿನಿಂದ ಈ ಗಳಿಗೆಗಾಗಿಯೇ ನಾನು ಚೆಂಡು ಎಸೆದದ್ದು. ಅವನ ಮುಖದಲ್ಲಿ ಏನೂ ಕದಲಲಿಲ್ಲ.

"ನಂಗೆ ಗೊತ್ತಿತ್ತು ಸಾ" ಎಂದ.

"ಏನು ಗೊತ್ತಿತ್ತು?"

"ಬಳೆ ಒಂದು ಗೇಣು ಮ್ಯಾಲೈತೆ ಅಂತ. ತುಮಕೂರ್ನಾಗೆ ಸೋತ ಮ್ಯಾಕೆ, ಎಲ್ಲಾ ಹೊಂಟೋದ್ಮೇಲೆ ಅಲ್ಲಿ ಕಂಬ ಹತ್ತಿ ನನ್ನ ಮೊಳದಾಗೆ ಅಳ್ದೆ. ಇಲ್ಲಿಗೆ ಬಂದು ಇದ್ನೂ ಅದೇ ಕೈಯಾಗೆ ಅಳ್ದೆ. ಪ್ರಾರ್ಥನೆಯಾಗೆ ನಿಲ್ಲಿಸಿದ ದಿನ ಸಂಜೆ ನಿಮ್ಮನೆತಾವ ಬಂದಿದ್ದೆ, ಹೇಳಾನ ಅಂತ. ನನ್ನ ನೋಡ್ತಿದ್ದಂಗೇ ಬಾಗ್ಲು ಹಾಕ್ಕೊಂಡ್ರಿ. ದೀಪ ಹಚ್ಚೋ ಗಂಟ ಜಗಲಿ ಕೆಳಗೆ ನಿಂತಿದ್ದೆ."

ಮೇಷ್ಟ್ರ ಕೈ ಮುಗಿದೇ ಇತ್ತು. ಕಣ್ಣು ಕಿರಿದು ಮಾಡಿ ಏನನ್ನೋ ನೆನಪಿಸಿಕೊಳ್ಳಲು ಒದ್ದಾಡಿದರು.

"ಆಮೇಲಾದರೂ ಯಾರಿಗಾದರೂ ಹೇಳಬಾರದಿತ್ತೇನೋ?"

"ಹೇಡಿ ಅಂತ ನಿಲ್ಲಿಸಿದ್ಮೇಲೆ ನನ್ನ ಮಾತು ಯಾರು ಕೇಳ್ತಾರೆ ಸಾ. ಸೋತೋನು ಕಂಬ ದೂರ್ತಾನೆ ಅಂತಿದ್ರು."

"ನೀನು ಮನೆಗೆ ಬಂದಿದ್ದು... ನಂಗೆ ನೆನಪೇ ಇಲ್ವಲ್ಲೋ ಕೆಂಚ."

"ನಂಗೈತೆ ಸಾ" ಎಂದ ಅಣ್ಣ. ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ ಕೋಲು ಎತ್ತಿಕೊಂಡು, "ಬಿಸ್ಲಾಗೆ ನಿಂತ್ಕಬ್ಯಾಡಿ, ಮನೇಗೋಗಿ ಮಜ್ಜಿಗೆ ಕುಡ್ದು ಹೋಗಿ" ಎಂದು ಹೇಳಿ ಕುರಿಗಳ ಹಿಂದೆ ಹೊರಟ.

ಮೇಷ್ಟ್ರು ಮಜ್ಜಿಗೆಗೆ ನಿಲ್ಲಲಿಲ್ಲ. ದೊಡ್ಡ ರಸ್ತೆಯ ತನಕ ನಾನು ಜೊತೆಗೆ ಹೋದೆ. ಆಮೇಲೆ ನಾನು ಅವರನ್ನು ನೋಡಲಿಲ್ಲ, ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರೆಂದು ಪೇಟೆಗೆ ಹೋದವರು ಸುದ್ದಿ ತಂದರು. ಅಣ್ಣ ಕುರಿ ಕಾಯುತ್ತಲೇ ಮುದುಕನಾದ.

ಆ ದಿನ ಮೇಷ್ಟ್ರನ್ನು ಬಸ್ಸಿಗೆ ಹತ್ತಿಸಿ ಹಿಂತಿರುಗುವಾಗ ನಾನು ಅಣ್ಣನ ಮೇಲೆ ಕೋಪ ಮಾಡಿಕೊಂಡೇ ನಡೆದಿದ್ದೆ. ಮೇಷ್ಟ್ರಿಗೆ ಹೇಳಲಾಗಲಿಲ್ಲ ಸರಿ, ನನಗೇಕೆ ಹೇಳಲಿಲ್ಲ? ಶನಿವಾರ ಊರಿಗೆ ಬಂದಾಗಲೆಲ್ಲ ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿದವರು. ಊರ ಬಾಗಿಲಿಗೆ ಬರುವಷ್ಟರಲ್ಲಿ ಕೋಪ ಇಳಿದುಹೋಯಿತು. ಆರು ವರ್ಷದಲ್ಲಿ ಒಂದು ದಿನವಾದರೂ, ಅವತ್ತು ಏನಾಯಿತು ಅಣ್ಣ ಎಂದು ನಾನು ಅವನನ್ನು ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿಯೇ ಇರಲಿಲ್ಲ. ಮೇಷ್ಟ್ರು ಹೇಳಿದ್ದನ್ನು ನಾನೂ ನಂಬಿದ್ದೆ.